ಕೊನೆ ಸಾಲಿನಲ್ಲಿ ಕೂತು ಕೇಳಿದ ಆಪೆರಾ: ಓಲಾವಿನ್‌ಲಿನ್ನಾ ಕೋಟೆಯಲ್ಲಿ ಒಂದು ಸಂಜೆ

ಫಿನ್ಲೆಂಡಿನ ಸಾವೊನ್ಲಿನ್ನಾ ಎಂಬ ಊರಿನಲ್ಲಿ, ನೀರಿನ ನಡುವೆ ನಿಂತಿರುವ ಹಳೇ ಕೋಟೆಯೊಳಗೆ ಕೂತು ಆಪೆರಾ, ಅಂದ್ರೆ ಹಾಡಿನಲ್ಲೇ ನಡೆಯುವ ನಾಟಕ, ನೋಡಿ ಬಂದೆ. ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ಯಾಕಂದ್ರೆ ನಾನು ಹುಟ್ಟಿ ಬೆಳೆದದ್ದು ಇನ್ನೊಂದು ಕೋಟೆಯ ಬುಡದಲ್ಲಿ, ಚಿತ್ರದುರ್ಗದಲ್ಲಿ. ಅದೂ ಅಲ್ಲದೆ ನಮ್ಮಪ್ಪ ಹಾರ್ಮೋನಿಯಂ ಮಾಸ್ತರ್.

ಅಪ್ಪ ಹಳ್ಳಿಗಳಿಗೆ ಹೋಗಿ ನಾಟಕ ಕಲಿಸುತ್ತಿದ್ದರು. ಹೊಳಲ್ಕೆರೆ ಕಡೆ, ಜಗಳೂರು ಕಡೆ, ದಾವಣಗೆರೆ ಸುತ್ತಮುತ್ತ. ಸುಗ್ಗಿ ಮುಗಿದು ಜಾತ್ರೆ ಹತ್ತಿರ ಬಂತು ಅಂದ್ರೆ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ರಜೆ ಇದ್ದರೆ ನನ್ನನ್ನೂ ತಾಲೀಮಿಗೆ ಕರೆದುಕೊಂಡು ಹೋಗುತ್ತಿದ್ದರು, ಅಲ್ಲಿ ನನಗೆ ಒಂದೇ ಕೆಲಸ. ಬಯಲಿನ ಕೊನೆಗೆ ಹೋಗಿ ನಿಲ್ಲಬೇಕು. ದುರ್ಯೋಧನನ ಪಾತ್ರದವನು ಹಾಡುವ ಕಂದಪದ್ಯ ಅಲ್ಲಿಗೆ ಪದ ಪದ ಬಿಡಿಸಿ ಕೇಳಿಸಿದರೆ ಟವೆಲ್ ಮೇಲೆತ್ತಬೇಕು, ಬರೀ ಸದ್ದು ಕೇಳಿ ಪದ ತಿಳಿಯದಿದ್ದರೆ ಇಳಿಸಬೇಕು. ನಾನು ಟವೆಲ್ ಇಳಿಸಿದೆ ಅಂದ್ರೆ ಅಪ್ಪ ಪೆಟ್ಟಿಗೆ ನಿಲ್ಲಿಸಿಬಿಡುತ್ತಿದ್ದರು. 'ಅಲ್ಲಿರೋನೂ ಕಾಸು ಕೊಟ್ಟೇ ಬಂದಿರ್ತಾನಪ್ಪ, ಮತ್ತೆ ಹಾಡು' ಅನ್ನುತ್ತಿದ್ದರು. ನಾಟಕದ ದಿನ ಮೈಕ್ ಬರುತ್ತಿತ್ತು, ಆದರೆ ತಾಲೀಮಿಗೆ ಯಾವತ್ತೂ ಮೈಕ್ ಇಲ್ಲ. ಈಗ ತಾಲೀಮಿಗೂ ಮೈಕ್, ಹಾರ್ಮೋನಿಯಂ ಜಾಗಕ್ಕೆ ಕೀಬೋರ್ಡ್. ಅಪ್ಪ ಹೋಗಿ ಎಂಟು ವರ್ಷ ಆಯ್ತು. ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ, ನನ್ನ ಕ್ಲಾಸಿನಲ್ಲೂ ಒಂದು ಸ್ಪೀಕರ್ ಇದೆ.

ತಮ್ಮ ಹೆಲ್ಸಿಂಕಿಯಲ್ಲಿ ಕೆಲಸದಲ್ಲಿದ್ದಾನೆ. ಬೇಸಿಗೆಯಲ್ಲಿ ಬಾರಕ್ಕ ಅಂತ ಎರಡು ವರ್ಷದಿಂದ ಕರೆಯುತ್ತಿದ್ದ. ಜುಲೈನಲ್ಲಿ ಕೋಟೆಯೊಳಗೆ ಆಪೆರಾ ಉತ್ಸವ ನಡೆಯುತ್ತದೆ ಅಂತ ಅವನ ಮಗಳು ಹುಡುಕಿ ಹೇಳಿದಳು. ಕೋಟೆ ಅಂದಿದ್ದೇ ತಡ, ಒಪ್ಪಿಕೊಂಡೆ. ಎಲ್ಲಿ ಕೂರೋಣ ಅತ್ತೆ ಅಂದಳು. ಕೊನೆ ಸಾಲು ಅಂದೆ. ದುಡ್ಡು ಉಳಿಸೋಕೆ ಅಂದುಕೊಂಡಳು, ಮುಂದಿನ ಸಾಲೇ ತಗೋಳೋಣ, ಅಪ್ಪ ಕೊಡ್ತಾರೆ ಅಂತ ಒತ್ತಾಯ ಮಾಡಿದಳು. ನಾನು ಬಿಡಲಿಲ್ಲ. ಕೊನೆಗೆ ಸಿಕ್ಕಿದ್ದು ಹಿಂದಿನಿಂದ ಎರಡನೇ ಸಾಲು. ಅದಕ್ಕೂ ನಮ್ಮ ದುಡ್ಡಿನಲ್ಲಿ ತಲೆಗೆ ಐದು ಸಾವಿರ ದಾಟಿತು.

ಮೊದಲು ಕೋಟೆ ವಿಷಯ. ಸೈಮಾ ಅನ್ನೋದು ಆ ದೇಶದ ಅತಿ ದೊಡ್ಡ ಸರೋವರ. ಅದರ ಎರಡು ಭಾಗ ಸೇರುವ ಕಡೆ ನೀರು ಕಿರಿದಾಗಿ, ಜೋರಾಗಿ ಹರಿಯುತ್ತದೆ. ಆ ಹರಿವಿನ ನಡುವೆ ಒಂದು ಬಂಡೆ ದ್ವೀಪ, ಅದರ ತುಂಬ ಕೋಟೆ. ದಡದಿಂದ ನೋಡಿದರೆ ನೀರಿನೊಳಗಿಂದಲೇ ಗೋಡೆ ಎದ್ದು ಬಂದ ಹಾಗೆ ಕಾಣುತ್ತದೆ. ಬೂದು ಕಲ್ಲಿನ ಮೂರು ದುಂಡು ಗೋಪುರ. ಸೆಳವು ಎಷ್ಟು ಜೋರು ಅಂದ್ರೆ, ಸುತ್ತಲ ಸರೋವರವೆಲ್ಲ ಗಟ್ಟಿಯಾಗುವ ಚಳಿಗಾಲದಲ್ಲೂ ಇಲ್ಲಿನ ನೀರು ಹೆಪ್ಪುಗಟ್ಟುವುದಿಲ್ಲವಂತೆ. ಶತ್ರು ಮಂಜುಗಡ್ಡೆ ಮೇಲೆ ನಡೆದು ಬರೋಕೂ ಆಗಲ್ಲ. ನಮ್ಮ ನಾಯಕರು ಬೆಟ್ಟ ನೋಡಿ ಏಳು ಸುತ್ತು ಕಟ್ಟಿದರು, ಇವರು ನೀರನ್ನೇ ಒಂದು ಸುತ್ತು ಮಾಡಿಕೊಂಡರು.

ಕಟ್ಟೋಕೆ ಶುರು ಮಾಡಿದ್ದು 1475ರಲ್ಲಿ. ಆಗ ಫಿನ್ಲೆಂಡ್ ಸ್ವೀಡನ್ ರಾಜ್ಯದ ಭಾಗ. ಎರಿಕ್ ಆಕ್ಸೆಲ್ಸನ್ ಟೋಟ್ ಎಂಬ ಸರದಾರ, ಮಾಸ್ಕೋ ಕಡೆಯಿಂದ ಬರುವ ದಾಳಿ ತಡೆಯಲು ಗಡಿಯಲ್ಲಿ ಕಟ್ಟಿಸಿದ. ಹೊರದೇಶದಿಂದ 16 ಮಂದಿ ಒಳ್ಳೇ ಕಲ್ಲು ಕೆಲಸದವರನ್ನು ಕರೆಸಿದ್ದೇನೆ ಅಂತ ಅವನೇ ಕಾಗದ ಬರೆದಿದ್ದಾನೆ. ಸಂತ ಓಲಾಫನ ಹೆಸರಿಟ್ಟರು, ಅದೇ ಓಲಾವಿನ್‌ಲಿನ್ನಾ. 'ಲಿನ್ನಾ' ಅಂದ್ರೆ ಕೋಟೆ. ಅಂದರೆ ನಮ್ಮಲ್ಲಿ 'ದುರ್ಗ' ಇರುವ ಹಾಗೆ, ಊರಿನ ಹೆಸರಿನಲ್ಲೂ ಕೋಟೆಯೇ ಇದೆ. ಸೋದರ ಸೊಸೆ, ಅಂದ್ರೆ ತಮ್ಮನ ಮಗಳು, ಅದನ್ನು ಹೇಳಿದಾಗ ಏನೋ ಒಂಥರಾ ಖುಷಿಯಾಯಿತು.

ಎರಡು ಶತಮಾನಕ್ಕೂ ಜಾಸ್ತಿ ಕೈ ತಪ್ಪಲಿಲ್ಲ. 1714ರಲ್ಲಿ ರಷ್ಯನ್ನರು ಮುತ್ತಿಗೆ ಹಾಕಿ ಹಿಡಿದರು. 1721ರ ಒಪ್ಪಂದದಲ್ಲಿ ಸ್ವೀಡನ್‌ಗೆ ವಾಪಸ್, 1743ರಲ್ಲಿ ಮತ್ತೆ ರಷ್ಯಾಕ್ಕೆ. 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ದುರ್ಗ ಕಿತ್ತುಕೊಂಡನಲ್ಲ, ಅದಾದ ಸ್ವಲ್ಪ ವರ್ಷಕ್ಕೆ ಅಲ್ಲಿ ರಷ್ಯನ್ನರು ಈ ಕೋಟೆಯ ಸುತ್ತ ಇನ್ನಷ್ಟು ಗೋಡೆ, ಬುರುಜು ಕಟ್ಟಿಸುತ್ತಿದ್ದರು. 1809ರಲ್ಲಿ ಇಡೀ ಫಿನ್ಲೆಂಡೇ ರಷ್ಯಾ ಕೈಗೆ ಹೋಯಿತು. ಗಡಿ ಇಲ್ಲದ ಮೇಲೆ ಗಡಿ ಕೋಟೆಗೆ ಏನು ಕೆಲಸ? ಸೈನ್ಯ ಹೋಯಿತು, ಸ್ವಲ್ಪ ದಿನ ಜೈಲಾಗಿತ್ತು, 1868 ಮತ್ತು 1869ರಲ್ಲಿ ಎರಡು ಸಲ ಬೆಂಕಿ ಬಿತ್ತು. ಆಮೇಲೆ ರಿಪೇರಿ ಶುರುವಾಯಿತು.

ಗೈಡ್ ಹುಡುಗಿ ಇಷ್ಟನ್ನೂ ಹೇಳಿ, ಒಂದು ಕಥೆಯನ್ನೂ ಹೇಳಿದಳು. ಕೋಟೆ ಯಜಮಾನನ ಮಗಳು ಶತ್ರು ಕಡೆಯವನನ್ನು ಪ್ರೀತಿಸಿದಳಂತೆ. ಬಾಗಿಲು ತೆರೆದುಕೊಟ್ಟಳು ಅನ್ನೋ ಆಪಾದನೆ ಬಂತು, ಗೋಡೆಯೊಳಗೆ ಜೀವಂತ ಇಟ್ಟು ಕಲ್ಲು ಕಟ್ಟಿಬಿಟ್ಟರು. ಆ ಜಾಗದಲ್ಲಿ ಒಂದು ಮರ ಹುಟ್ಟಿತು. ಅದರ ಬಿಳಿ ಹೂವು ಅವಳು ತಪ್ಪು ಮಾಡಿಲ್ಲ ಅನ್ನೋದಕ್ಕೆ, ಕೆಂಪು ಹಣ್ಣು ಅವಳ ರಕ್ತಕ್ಕೆ. ನನಗೆ ಕೆರೆ ಏರಿಗೆ ಸೊಸೆಯನ್ನು ಬಲಿ ಕೊಟ್ಟ ನಮ್ಮ ಕಡೆಯ ಕಥೆ ನೆನಪಾಯಿತು. ಓಬವ್ವ ನೆನಪಾದಳು. ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಅಂತ ಹೋಗಿ, ಕಿಂಡಿಯೊಳಗೆ ತೂರಿ ಬರುವವರನ್ನು ಒನಕೆಯಲ್ಲಿ ಹೊಡೆದು ಹಾಕಿದವಳು. ಅದನ್ನು ಸೊಸೆಯ ಕೈಲಿ ಇಂಗ್ಲಿಷಿನಲ್ಲಿ ಆ ಗೈಡ್‌ಗೆ ಹೇಳಿಸಿದೆ. ಒನಕೆ ಅಂದ್ರೆ ಏನು ಅಂತ ತೋರಿಸೋಕೆ ಎರಡೂ ಕೈಯಲ್ಲಿ ಭತ್ತ ಕುಟ್ಟಿ ತೋರಿಸಬೇಕಾಯಿತು. ಆ ಹುಡುಗಿ ತನ್ನ ಜೊತೆಯವರನ್ನೂ ಕರೆದು, ಇನ್ನೊಂದು ಸಲ ಹೇಳಿ ಅಂದಳು.

ಈಗ ಹಾಡು. ಈ ಕೋಟೆಯಲ್ಲಿ ಹಾಡಿಸಬೇಕು ಅಂತ ಮೊದಲು ಹೊರಟವರು ಐನೋ ಆಕ್ಟೆ. ಫಿನ್ಲೆಂಡಿನ ಗಾಯಕಿ, ಪ್ಯಾರಿಸ್, ನ್ಯೂಯಾರ್ಕ್, ಲಂಡನ್ನಿನ ದೊಡ್ಡ ದೊಡ್ಡ ಆಪೆರಾ ಮನೆಗಳಲ್ಲಿ ಹಾಡಿ ಹೆಸರು ಮಾಡಿದ್ದವರು. 1907ರಲ್ಲಿ ಈ ಕೋಟೆಯಲ್ಲಿ ನಡೆದ ಒಂದು ಸಭೆಗೆ ಬಂದಾಗ ಇದಕ್ಕಿಂತ ಒಳ್ಳೇ ಜಾಗ ಇಲ್ಲ ಅನ್ನಿಸಿತಂತೆ. 1912ರ ಜುಲೈನಲ್ಲಿ ಮೊದಲ ಉತ್ಸವ ಮಾಡಿಯೇಬಿಟ್ಟರು, ಎರ್ಕಿ ಮೆಲಾರ್ಟಿನ್ ಬರೆದ 'ಐನೋ' ಆಪೆರಾದಿಂದ. ಆಗಿನ್ನೂ ದೇಶ ರಷ್ಯಾದ ಚಕ್ರವರ್ತಿ ಕೈಕೆಳಗಿದೆ, ಸ್ವಾತಂತ್ರ್ಯ ಬಂದದ್ದು 1917ರಲ್ಲಿ. ಪರರು ಹಿಡಿದ ಕೋಟೆಯಲ್ಲಿ ನಿಂತು ತಮ್ಮ ಭಾಷೆಯ ಆಪೆರಾ ಹಾಡೋದು ಅಂದ್ರೆ ಸುಮ್ನೆ ಅಲ್ಲ. ಆಮೇಲೆ ಮಹಾಯುದ್ಧ ಬಂತು, ಉತ್ಸವ ತಪ್ಪಿತು, 1930ರಲ್ಲಿ ಒಂದು ಸಲ ನಡೆದು ನಿಂತೇಹೋಯಿತು. ಮತ್ತೆ ಶುರುವಾದದ್ದು 1967ರಲ್ಲಿ. 1973ರಲ್ಲಿ ಮೊಜಾರ್ಟ್‌ನ 'ಮ್ಯಾಜಿಕ್ ಫ್ಲೂಟ್' ಇಲ್ಲಿ ರಂಗಕ್ಕೆ ಬಂತು, ಅದೇ ಪ್ರಯೋಗ ಎಷ್ಟೋ ಬೇಸಿಗೆ ಓಡಿತು. 1975ಕ್ಕೆ ಕೋಟೆಗೆ 500 ವರ್ಷ. ಅದಕ್ಕೆ ಅಂತಲೇ ಔಲಿಸ್ ಸಾಲಿನೆನ್ ಹೊಸ ಆಪೆರಾ ಮಾಡಿದರು, ಮುಖ್ಯ ಪಾತ್ರ ಹಾಡಿದವರು ಆಗ ಉತ್ಸವ ನಡೆಸುತ್ತಿದ್ದ ಮಾರ್ಟಿ ತಾಲ್ವೆಲಾ. ಕೋಟೆಯ ಹುಟ್ಟುಹಬ್ಬಕ್ಕೆ ಒಂದು ಹೊಸ ನಾಟಕ ಬರೆಸಿ ಆಡಿಸಿದ್ದು ನನಗೆ ತುಂಬಾ ಇಷ್ಟವಾಯಿತು.

ಆಪೆರಾ ಅಂದ್ರೆ ಏನು ಅಂತ ಕೇಳುವವರಿಗೆ: ಮಾತೆಲ್ಲ ಹಾಡಾಗಿರುವ ನಾಟಕ. ನಮ್ಮ ದೊಡ್ಡಾಟ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಭಾಗವತ, ಮದ್ದಳೆ ಇದ್ದ ಕಡೆ ಇಲ್ಲಿ ಇಡೀ ವಾದ್ಯವೃಂದ, ವೇದಿಕೆ ಮುಂದೆ ತಗ್ಗಿನಲ್ಲಿ ಕೂತಿರುತ್ತದೆ. ನಾವು ನೋಡಿದ್ದು ಇಟಲಿಯ ಸಂಗೀತಗಾರ ವರ್ದಿಯ 'ನಬೂಕೊ'. 1842ರಲ್ಲಿ ಮಿಲಾನ್‌ನಲ್ಲಿ ಮೊದಲು ಆಡಿದ್ದು, ಹಾಡುವುದು ಇಟಾಲಿಯನ್‌ನಲ್ಲಿ. ಬ್ಯಾಬಿಲೋನಿನ ರಾಜ ಜೆರುಸಲೇಮ್ ಗೆದ್ದು ಜನರನ್ನು ಸೆರೆ ಹಿಡಿದು ಒಯ್ಯುತ್ತಾನೆ, ನಾನೇ ದೇವರು ಅಂತಾನೆ, ಬುದ್ಧಿ ಕೆಡುತ್ತದೆ, ಕೊನೆಗೆ ಸರಿಹೋಗುತ್ತಾನೆ. ನಮ್ಮ ಹಿರಣ್ಯಕಶಿಪು ಸರಿಹೋಗಲಿಲ್ಲ, ಅಷ್ಟೇ ವ್ಯತ್ಯಾಸ. ಕಥೆಯನ್ನು ಹಿಂದಿನ ದಿನವೇ ಓದಿಕೊಂಡು ಹೋಗಿ. ಹಾಡಿನ ಅರ್ಥ ಮೇಲೆ ಇಂಗ್ಲಿಷಿನಲ್ಲೂ ಬರುತ್ತಿತ್ತು, ಆದರೆ ಅದನ್ನೇ ಓದುತ್ತಾ ಕೂತರೆ ವೇದಿಕೆ ತಪ್ಪಿಹೋಗುತ್ತದೆ.

ಸಂಜೆ ಏಳಕ್ಕೆ ಶುರು. ತೇಲುವ ಸೇತುವೆ ದಾಟಿ ಜನ ಸಾಲಾಗಿ ಒಳಗೆ ಹೋಗುತ್ತಾರೆ, ಅಂಗಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಆಸನ ಕಟ್ಟಿದ್ದಾರೆ, ಎರಡು ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ತಲೆ ಮೇಲೆ ಬಿಳಿ ಚಾವಣಿ ಬಟ್ಟೆ, ಬದಿಯಿಂದ ಆಕಾಶ, ಗಾಳಿ. ವೇದಿಕೆಗೆ ಪರದೆ ಇಲ್ಲ, ಹಿಂದೆ ಸೀನರಿ ಬೇಕಿಲ್ಲ, ಕೋಟೆ ಗೋಡೆಯೇ ಇದೆ. ವೇದಿಕೆ ತುಂಬಾ ಉದ್ದ. ಸೈನ್ಯ ಆ ಕಡೆಯ ಬಾಗಿಲಿಂದ ನುಗ್ಗಿದರೆ ಈ ಕಡೆ ತಲುಪೋಕೆ ನಿಜವಾಗಿಯೂ ಓಡಲೇಬೇಕು. ಓಡಿದರು. ಬೂಟಿನ ಸದ್ದು ಕಲ್ಲಿಗೆ ಬಡಿದು ಬಂದಾಗ ಸೊಸೆ ನನ್ನ ಕೈ ಹಿಡಿದುಕೊಂಡಳು.

ನಾನು ಮೊದಲು ಮಾಡಿದ ಕೆಲಸ ಮೈಕ್ ಹುಡುಕಿದ್ದು. ಹಾಡುವವರ ಕೊರಳಿನಲ್ಲಿ, ಕೆನ್ನೆಯಲ್ಲಿ, ಕೂದಲ ಹತ್ತಿರ ಎಲ್ಲೂ ಇಲ್ಲ. ಸೊಸೆಯ ಹತ್ತಿರ ಇದ್ದ ಚಿಕ್ಕ ದುರ್ಬೀನು ತಗೊಂಡೂ ನೋಡಿದೆ. ಮೊದಲ ಹತ್ತು ನಿಮಿಷ ಕಥೆ ತಲೆಗೇ ಹೋಗಲಿಲ್ಲ. ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂತು ಬರೀ ಪದ ಕೇಳಿಸುತ್ತಾ, ಕೇಳಿಸುತ್ತಾ ಅಂತ ಕಿವಿ ಕೊಟ್ಟು ಕೂತಿದ್ದೆ. ಇಟಾಲಿಯನ್ ನನಗೆ ಬರಲ್ಲ. ಆದರೂ ಯಾವ ಅಕ್ಷರಕ್ಕೆ ಒತ್ತು, ಎಲ್ಲಿ 'ರ' ಉರುಳುತ್ತದೆ, ಎಲ್ಲಿ ಉಸಿರು ತಗೊಂಡರು, ಎಲ್ಲಾ ಬಿಡಿಸಿ ಕೇಳಿಸಿತು.

ಅಬಿಗೈಲೆ ಅಂತ ಒಂದು ಹೆಣ್ಣು ಪಾತ್ರ. ರಾಜನ ಮಗಳು ಅಂತ ಬೆಳೆದವಳು, ತಾನು ಗುಲಾಮರ ಮಗಳು ಅನ್ನೋ ಕಾಗದ ಅವಳ ಕೈಗೆ ಸಿಗುತ್ತದೆ. ಆ ಸಿಟ್ಟಿನಲ್ಲಿ ಒಂದು ಕಡೆ ಅವಳ ಸ್ವರ ಮೇಲಿನಿಂದ ಎರಡು ಸ್ಥಾಯಿ ಕೆಳಕ್ಕೆ ಒಂದೇ ಜಿಗಿತದಲ್ಲಿ ಬೀಳುತ್ತದೆ. ಹಾರ್ಮೋನಿಯಂ ಮೇಲೆ ಬೆರಳಿಟ್ಟು ನೋಡಿ, ಎಡಗೈಯಿಂದ ಬಲಗೈವರೆಗಿನ ದೂರ ಅದು. ಗಂಟಲು ಕಿರುಚಲೂ ಇಲ್ಲ, ಕೆಳಗೆ ಬಂದ ಮೇಲೆ ಮಂಕಾಗಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜ 'ಹ್ಮ್' ಅಂತ ತಲೆದೂಗಿದರು. ನಮ್ಮ ಕಡೆ ಕಂದಪದ್ಯದ ಕೊನೆಯಲ್ಲಿ ಆಲಾಪ ಎಳೆದಾಗ ಮುಂದೆ ಕೂತ ಹಿರಿಯರು ತಲೆದೂಗುವುದು ಹೀಗೇ ಅಲ್ವಾ?

ಮೂರನೇ ಅಂಕದಲ್ಲಿ ಸೆರೆಯಾಳುಗಳ ಹಾಡು. ನದಿ ದಂಡೆಯಲ್ಲಿ ಕೂತು ಬಿಟ್ಟು ಬಂದ ಊರನ್ನು ನೆನೆಯುತ್ತಾರೆ. ವೇದಿಕೆ ಉದ್ದಕ್ಕೂ ಜನ, ಬೂದು ಬಟ್ಟೆ, ಬೂದು ಗೋಡೆ, ಯಾವುದು ಕಲ್ಲು ಯಾವುದು ಮನುಷ್ಯ ಅಂತ ಗೊತ್ತಾಗದ ಹಾಗೆ ನಿಂತಿದ್ದರು. ಹಾಡು ಜೋರಾಗಿ ಶುರುವಾಗಲ್ಲ. ಎಲ್ಲರೂ ಸೇರಿ, ಒಂದೇ ಸ್ವರದಲ್ಲಿ, ಮನೆಯಲ್ಲಿ ಮಗು ಮಲಗಿದೆಯೇನೋ ಅನ್ನೋ ಹಾಗೆ ಮೆಲ್ಲಗೆ. ಅಷ್ಟು ಜನ ಅಷ್ಟು ಮೆಲ್ಲಗೆ ಹಾಡೋದು ಎಷ್ಟು ಕಷ್ಟ ಅಂತ ಕಲಿಸುವವರಿಗೆ ಗೊತ್ತು. ನನ್ನ ಕ್ಲಾಸಿನಲ್ಲಿ ಹನ್ನೆರಡು ಮಕ್ಕಳ ಕೈಲಿ ಆಗಲ್ಲ. ಮಧ್ಯದಲ್ಲಿ ಒಂದು ಸಲ ಏರಿ, ಮತ್ತೆ ಇಳಿದು, ಕೊನೆಯ ಸ್ವರವನ್ನು ಹಿಡಿದು ನಿಲ್ಲಿಸಿದರು. ಅದು ಸಣ್ಣದಾಗುತ್ತಾ ಹೋಯಿತು. ಹೊರಗೆ ನೀರು ಹರಿಯುವ ಸದ್ದು ಕೇಳಿಸಿತು, ಸ್ವರ ಇನ್ನೂ ಇತ್ತು. ಎಲ್ಲೋ ಒಂದು ಹಕ್ಕಿ ಕೂಗಿತು, ಸ್ವರ ಇನ್ನೂ ಇತ್ತು. ಯಾವಾಗ ನಿಂತಿತು ಅಂತ ನನಗೆ ಗೊತ್ತಾಗಲಿಲ್ಲ. ಆಗ ನನ್ನ ಬಲಗೈ ಮೇಲೆದ್ದಿತ್ತು. ಕೈಯಲ್ಲಿ ಶಾಲಿನ ತುದಿ ಇತ್ತು. 'ಅತ್ತೆ, ಏನಾಯ್ತು?' ಅಂತ ಸೊಸೆ ಕೇಳಿದಾಗಲೇ ಗೊತ್ತಾಗಿದ್ದು. ಏನೂ ಇಲ್ಲ ಕಣೆ ಅಂದೆ. ಅಳು ಬಂದಿತ್ತು.

ಹತ್ತು ಗಂಟೆ ಹತ್ತಿರ ಹೊರಗೆ ಬಂದೆವು. ಇನ್ನೂ ಬೆಳಕಿತ್ತು, ನಮ್ಮಲ್ಲಿ ಆರೂವರೆಗೆ ಇರುವಂಥ ಬೆಳಕು. ಸೇತುವೆ ಮೇಲೆ ಜನ ಮಾತಾಡದೆ ನಡೆಯುತ್ತಿದ್ದರು. ಊರಲ್ಲಿ ಆಗ ಮಧ್ಯರಾತ್ರಿ ದಾಟಿರುತ್ತದೆ, ಅಮ್ಮನಿಗೆ ಫೋನ್ ಮಾಡೋಕೆ ಆಗಲಿಲ್ಲ. ಬೆಳಿಗ್ಗೆ ಮಾಡಿದೆ. ಹೇಗಿತ್ತು, ಚಳಿ ಇತ್ತಾ, ಏನು ತಿಂದಿರಿ ಅಂತ ಎಲ್ಲ ಕೇಳಿ ಆದ ಮೇಲೆ, ಮೈಕ್ ಇರಲಿಲ್ಲಮ್ಮ ಅಂತ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, 'ಹಿಂದಿನವರಿಗೆ ಕೇಳಿಸ್ತಾ?' ಅಂದರು.

ಬೇಜಾರಾದ ವಿಷಯ ಒಂದೇ, ಅದು ಉಳಿದುಕೊಂಡ ಜಾಗದ್ದು, ಉತ್ಸವದ್ದಲ್ಲ. ಮೂರು ತಿಂಗಳ ಮುಂಚೆ ಒಂದು ರೂಮು ಬುಕ್ ಮಾಡಿದ್ದೆವು. ಹೋಗುವ ವಾರ ಇದೆ ಅನ್ನುವಾಗ, ರೂಮಿಲ್ಲ, ಬೇರೆ ಇದೆ, ಜಾಸ್ತಿ ಕೊಡಿ ಅಂತ ಮೆಸೇಜ್ ಬಂತು. ಉತ್ಸವದ ಸಮಯದಲ್ಲಿ ಇನ್ನೆಲ್ಲೂ ಸಿಗಲ್ಲ ಅಂತ ಅವರಿಗೆ ಗೊತ್ತು. ತಮ್ಮ ಜಗಳವಾಡಿ, ಕೊನೆಗೆ ಕೊಟ್ಟ. ಹಾಗಾಗಿ ಹೋಗುವವರು ರೂಮು ಬುಕ್ ಆದ ಕಾಗದ ಇಟ್ಟುಕೊಳ್ಳಿ, ಒಂದು ವಾರ ಮುಂಚೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಬಂದ ಮೇಲೆ ಒಂದು ಭಾನುವಾರ ನನ್ನ ಕ್ಲಾಸಿನ ಮಕ್ಕಳನ್ನು ಬೆಳಿಗ್ಗೆಯೇ ಕೋಟೆಗೆ ಕರೆದುಕೊಂಡು ಹೋದೆ. ಅಪ್ಪ ನನಗೆ ಸಾಧನೆ ಮಾಡಿಸುತ್ತಿದ್ದದ್ದು ಗೋಪಾಲಸ್ವಾಮಿ ಹೊಂಡದ ಹತ್ತಿರ. ಅಲ್ಲೇ ಒಬ್ಬಳನ್ನು ನಿಲ್ಲಿಸಿ, ಉಳಿದವರನ್ನು ಕರೆದುಕೊಂಡು ದೂರ ಹೋದೆ. ಅವಳಿಗೆ ಮೊದಲು ಧೈರ್ಯ ಬರಲಿಲ್ಲ, ಕಿರುಚಿದಳು. ಕಿರುಚಬೇಡ, ಬಾಯಿ ಬಿಡಿಸು, ಪದ ಬಿಡಿಸು ಅಂದೆ. ಮೂರನೇ ಸಲಕ್ಕೆ ಬಂಡೆಗಳ ನಡುವಿನಿಂದ ಸ್ವರ ಬಂತು, ಪದದ ಜೊತೆ. ಮಕ್ಕಳು ತಾವೇ ಕೈ ಎತ್ತಿದರು, ನಾನು ಹೇಳಿರಲಿಲ್ಲ. ಈಗ ತಿಂಗಳಿಗೆ ಒಂದು ಭಾನುವಾರ ಹೋಗುತ್ತಿದ್ದೇವೆ. ಇಂಥ ಕೋಟೆ ಮನೆ ಹಿಂದೆಯೇ ಇಟ್ಟುಕೊಂಡು ಇಷ್ಟು ವರ್ಷ ಸ್ಪೀಕರ್ ಹಚ್ಚಿ ಕಲಿಸಿದೆನಲ್ಲ ಅಂತ ಸಂಕಟ ಆಗುತ್ತದೆ.

ಹೋಗುವವರಿಗೆ ಉಳಿದದ್ದು. ಹೆಲ್ಸಿಂಕಿಯಿಂದ ರೈಲಿನಲ್ಲಿ ನಾಲ್ಕು ಗಂಟೆಗೂ ಜಾಸ್ತಿ, ಪಾರಿಕ್ಕಲಾದಲ್ಲಿ ಇಳಿದು ಚಿಕ್ಕ ರೈಲು ಹತ್ತಬೇಕು. ಜುಲೈ ಅಂತ ನಂಬಬೇಡಿ, ಸಂಜೆ ನೀರಿನ ಮೇಲಿಂದ ಬರುವ ಗಾಳಿ ಚುಚ್ಚುತ್ತದೆ, ಸ್ವೆಟರ್ ಜೊತೆಗೆ ಒಂದು ಶಾಲು ಇರಲಿ. ಒಳಗೆಲ್ಲ ಉಬ್ಬುತಗ್ಗಿನ ಕಲ್ಲು, ಕಡಿದಾದ ಮೆಟ್ಟಿಲು, ಹಿಮ್ಮಡಿ ಚಪ್ಪಲಿ ಬೇಡ, ಮಂಡಿ ನೋವಿದ್ದವರು ಮುಂಚೆಯೇ ಹೋಗಿ ನಿಧಾನಕ್ಕೆ ಹತ್ತಿ. ಕೋಟೆ ನೋಡೋಕೆ ಹಗಲು ಬೇರೆಯೇ ಸಮಯ ಇಟ್ಟುಕೊಳ್ಳಿ. ಊಟಕ್ಕೆ ದಡದ ಮಾರ್ಕೆಟ್ ಇದೆ. ಮೀನು ತಿನ್ನುವವರಿಗೆ ಸರೋವರದ ಸಣ್ಣ ಮೀನು, ಮುಯಿಕ್ಕು, ಅಲ್ಲೇ ಕರಿದು ಕೊಡುತ್ತಾರೆ. ನಮ್ಮಂಥವರಿಗೆ ಲೋರ್ತ್ಸಿ ಅಂತ ಒಂದಿದೆ, ಅರ್ಧಚಂದ್ರದ ಆಕಾರ, ನೋಡೋಕೆ ಥೇಟ್ ಕರಿಗಡುಬು. ಮಾಂಸ ತುಂಬಿದ್ದೂ ಇರುತ್ತದೆ, ಕೇಳಿ ತಗೊಳ್ಳಿ. ಸೇಬಿನ ಹೂರಣದ್ದು ಬಿಸಿ ಬಿಸಿ ಎರಡು ತಿಂದೆ.

ಟಿಕೆಟ್ ಹಿಂದಿನ ಸಾಲಿನದ್ದೇ ತಗೊಳ್ಳಿ. ಮುಖ ಕಾಣಲ್ಲ ಅನ್ನೋ ಚಿಂತೆ ಇದ್ದರೆ ಒಂದು ದುರ್ಬೀನು ಇಟ್ಟುಕೊಂಡರೆ ಆಯಿತು.